ಇನ್ನೂರ ಹನ್ನೊಂದು ಬಾಯಿಗಳ ಶಾಪ

"ಆ ಮಾತನ್ನ ಮಾತ್ರ ಯಾರ ಬಾಯಲ್ಲೂ ಹೇಳಿಸಬೇಡಮ್ಮ," ಎಂದರು ನಿವೃತ್ತ ಗ್ರಂಥಪಾಲಕರು. "ಅದರಲ್ಲೂ ಸಿಟ್ಟಲ್ಲಿರೋರ ಬಾಯಲ್ಲಿ. ಅದರಲ್ಲೂ ನಿನ್ನ ಕಣ್ಣಲ್ಲಿ ಕಣ್ಣಿಟ್ಟು."

ಬೆಳಗಿನ ಆಟ ಆಗಷ್ಟೇ ಬಿಟ್ಟಿತ್ತು. ಚಿತ್ರಮಂದಿರದ ಬಾಗಿಲುಗಳಿಂದ ತಣ್ಣನೆ ಗಾಳಿ, ಪಾಪ್‌ಕಾರ್ನಿನ ಜಿಡ್ಡು ವಾಸನೆ, ಜನರ ಗೊಣಗಾಟ ಎಲ್ಲ ಒಟ್ಟಿಗೇ ಹೊರಗೆ ನುಗ್ಗುತ್ತಿದ್ದವು. ಮುದುಕರ ಕಂಕುಳಲ್ಲಿ ಆ ಸಿನಿಮಾದ ಮೂಲ ಕಾದಂಬರಿಯ ಹಳೆಯ ಪ್ರತಿಯಿತ್ತು. ಹಾಳೆಗಳ ಅಂಚು ಮುಟ್ಟಿದರೆ ಉದುರುವಷ್ಟು ಹಣ್ಣಾಗಿತ್ತು.

ಹಣೆಗೆ ಪುಟ್ಟ ಕ್ಯಾಮೆರಾ ಕಟ್ಟಿಕೊಂಡಿದ್ದ ಹುಡುಗಿ ಕಿಸಕ್ಕನೆ ನಕ್ಕಳು. "ಸೂಪರ್ ಸರ್! ಇದನ್ನೇ ಇನ್ನೊಂದ್ಸಲ ಹೇಳಿ, ಸ್ವಲ್ಪ ನಡುಗ್ತಾ."

ಅವಳನ್ನು ಮನೆಯಲ್ಲೂ ಆಫೀಸಿನಲ್ಲೂ ಪಟಾಕಿ ಎನ್ನುತ್ತಿದ್ದರು. ಹೊತ್ತಿಕೊಂಡರೆ ಸಾಕು, ಪೂರ್ತಿ ಸಿಡಿದು ಮುಗಿಯುವವರೆಗೆ ಆ ಬಾಯಿ ನಿಲ್ಲುತ್ತಿರಲಿಲ್ಲ. ಆ ಬಾಯಿಯ ಬಲದಿಂದಲೇ ಹನ್ನೆರಡು ದಿನದ ಹಿಂದೆ ಸಿನಿಮಾ ಕಂಪನಿಯ ಪ್ರಚಾರ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಆಟ ಬಿಟ್ಟಾಗ ಬಾಗಿಲಲ್ಲಿ ನಿಂತು ಪ್ರೇಕ್ಷಕರ ಅಭಿಪ್ರಾಯ ಚಿತ್ರಿಸಿಕೊಳ್ಳುವುದು ಅವಳ ಕೆಲಸ.

ಸಿನಿಮಾ ಒಂದು ನೂರು ವರ್ಷ ಹಳೆಯ ಕಾದಂಬರಿಯದು. ದೊಡ್ಡ ಮನೆಯ ಯಜಮಾನಿ ತನ್ನ ಕೆಲಸದವಳನ್ನು ಜೀವಂತ ಗೋಡೆಯೊಳಗಿಟ್ಟು ಗಾರೆ ಮೆತ್ತಿಸುತ್ತಾಳೆ. ಕೊನೆಯ ಇಟ್ಟಿಗೆ ಕೂರುವ ಮುಂಚೆ ಕೆಲಸದವಳು ಅವಳ ಕಣ್ಣು ನೋಡಿ ಶಾಪ ಹಾಕುತ್ತಾಳೆ. ಕಾದಂಬರಿಕಾರ ಆ ಶಾಪವನ್ನು ಬರೆದಿರಲಿಲ್ಲ. ಆ ಜಾಗದಲ್ಲಿ ಬರೀ ಚುಕ್ಕಿಗಳ ಸಾಲು. ಸಿನಿಮಾದವರು ಹಟಕ್ಕೆ ಬಿದ್ದು, ಮಾಟ ಮಾಡುವ ಮನೆತನದ ಮುದುಕಿಯೊಬ್ಬಳನ್ನು ಹುಡುಕಿ, ಅವಳ ಬಾಯಿಂದ ನಿಜವಾದ ಮಾತನ್ನೇ ತೆಗೆಸಿದ್ದರು. ಹೆಬ್ಬೆರಳನ್ನು ಮುಷ್ಟಿಯೊಳಗೆ ಅದುಮಿ, ಎದುರಿನವರ ಕಣ್ಣು ನೋಡಿ ಹೇಳಬೇಕು, ಹೇಳಿ ಮುಖಕ್ಕೆ ಊದಬೇಕು.

"ಕೂಗು, ಯಾರಿಗೂ ಕೇಳದಿರಲಿ. ತಟ್ಟು, ಯಾರೂ ತೆರೆಯದಿರಲಿ."

ಬಂದ ಪ್ರೇಕ್ಷಕರಿಗೆಲ್ಲ ಇದನ್ನು ಹೇಳಿಸಿ ಒಂದು ವಿಡಿಯೋ ಮಾಡೋಣ ಎಂಬುದು ಪಟಾಕಿಯದೇ ಉಪಾಯ. ಬಾಸ್ ಮೇಜು ಕುಟ್ಟಿ ಶಹಭಾಸ್ ಎಂದಿದ್ದ.

"ಓದಿದವರು ಚುಕ್ಕಿ ಸಾಲನ್ನ ಹಾಗೇ ದಾಟಿಹೋದರು, ಬದುಕಿಕೊಂಡರು," ಎಂದರು ಗ್ರಂಥಪಾಲಕರು. "ಕ್ಯಾಮೆರಾ ಇರೋದು ನಿನ್ನ ಹಣೆ ಮೇಲೆ. ಅವರು ನೋಡೋದು ನಿನ್ನ ಕಣ್ಣನ್ನ ತಾನೇ?"

"ಸರ್, ನಮ್ಮಕ್ಕ ದಿನಾ ನನಗೆ ಇದಕ್ಕಿಂತ ಜೋರಾಗಿ ಶಾಪ ಹಾಕ್ತಾಳೆ. ಗುಂಡುಕಲ್ಲಿನ ಥರ ಇದ್ದೀನಿ ನೋಡಿ."

ಮುದುಕರು ಒಂದು ಚೀಟಿಯಲ್ಲಿ ಮನೆ ವಿಳಾಸ ಬರೆದು ಅವಳ ಕೈಗಿಟ್ಟು, ಕಂಬಿ ಹಿಡಿದು ಮೆಟ್ಟಿಲಿಳಿದರು.

ಸಿನಿಮಾ ನೋಡಿದವರು ಕುದಿಯುತ್ತಿದ್ದರು. "ಕಾದಂಬರೀಲಿ ಆ ಮನೆ ಉಸಿರಾಡುತ್ತೆ ಕಣ್ರೀ, ಇಲ್ಲಿ ಬರೀ ಹೊಗೆ ಬಿಟ್ಟಿದ್ದಾರೆ," ಎಂದಳೊಬ್ಬ ಮೇಷ್ಟರ ಹೆಂಡತಿ. "ಗೋಡೆ ಕಟ್ತಾ ಇದ್ರೆ ಯಾರಾದ್ರೂ ಹಾಡು ಹೇಳ್ತಾರಾ?" ಎಂದು ಒಬ್ಬ ವಕೀಲ ಅವಳ ಮೇಲೇ ರೇಗಿದ. "ಹೆದರೋ ಜಾಗದಲ್ಲಿ ನಗು ಬಂತು, ನಗೋ ಜಾಗದಲ್ಲಿ ನಿದ್ದೆ ಬಂತು," ಎಂದ ಇನ್ನೊಬ್ಬ. ಓದುವಾಗ ಹದಿನಾರು ವಯಸ್ಸಾಗಿತ್ತು, ಮೂರು ದಿನ ದೀಪ ಆರಿಸಿರಲಿಲ್ಲ, ಆ ಭಯವನ್ನೇ ಇವರು ಹಾಳುಮಾಡಿದರು ಎಂದು ನಡುವಯಸ್ಸಿನ ಹೆಂಗಸೊಬ್ಬಳು ನಿಜಕ್ಕೂ ಅತ್ತುಬಿಟ್ಟಳು.

"ಆ ಸಿಟ್ಟು ಹಾಗೇ ಇರಲಿ ಮೇಡಂ! ಈಗ ಶಾಪ ಹೇಳಿ. ನನ್ನನ್ನೇ ಆ ಯಜಮಾನಿ ಅಂದ್ಕೊಳ್ಳಿ."

ಅವರು ಹೇಳಿದರು. ಒಬ್ಬರಾದ ಮೇಲೊಬ್ಬರು ಹೇಳಿದರು. ಮುಷ್ಟಿ ಬಿಗಿದು, ಅವಳ ಕಣ್ಣಿಗೆ ಕಣ್ಣು ನೆಟ್ಟು, ಹಲ್ಲು ಕಚ್ಚಿ. ಕಾಫಿಯ ಉಸಿರು, ಸಿಗರೇಟಿನ ಉಸಿರು, ಹಸಿದ ಹೊಟ್ಟೆಯ ಹುಳಿ ಉಸಿರು ಅವಳ ಮುಖಕ್ಕೆ ಬಡಿದವು. ಮೂರು ದಿನ, ಒಂಬತ್ತು ಆಟ. ಇನ್ನೂರ ಹನ್ನೊಂದು ಜನ.

ಮೂರನೆಯ ದಿನ ಕೊನೆಯ ಆಟ ಮುಗಿದ ಮೇಲೆ, ಮೊದಲು ಕೈಕೊಟ್ಟಿದ್ದು ಕ್ಯಾಂಟೀನು. "ಒಂದು ಕಾಫಿ" ಎಂದು ಮೂರು ಸಲ ಹೇಳಿದರೂ ಕೊಡುವವನು ತಲೆಯೆತ್ತಲಿಲ್ಲ. ಅವಳ ಹಿಂದಿದ್ದವನಿಗೆ ಕೊಟ್ಟ, ಅವನ ಹಿಂದಿದ್ದವನಿಗೂ ಕೊಟ್ಟ. ಬಸ್ಸಿನಲ್ಲಿ "ಇಳೀಬೇಕು, ಇಳೀಬೇಕು" ಎಂದು ಕೂಗುತ್ತಿದ್ದಂತೆಯೇ ಅವಳ ನಿಲ್ದಾಣ ಹಿಂದೆ ಸರಿದುಹೋಯಿತು. ಮರುದಿನ ಬೆಳಗಿನ ಮೀಟಿಂಗಿನಲ್ಲಿ ಅವಳು ಮಾತಾಡುತ್ತಿದ್ದಾಗಲೇ ಬಾಸ್ ಅತ್ತಿತ್ತ ನೋಡಿ, "ಎಲ್ಲಿ ಪಟಾಕಿ? ಇವತ್ತು ಠುಸ್ಸಾ?" ಎಂದ. ಎಲ್ಲರೂ ನಕ್ಕರು. ಅವಳಿಗೆ ಮೈಯೆಲ್ಲ ಉರಿಯಿತು. ಗಂಟಲು ಕಟ್ಟಿರಬೇಕೆಂದು ಉಪ್ಪುನೀರು ಮುಕ್ಕಳಿಸಿದಳು. ತನ್ನ ದನಿ ತನಗೆ ಗಂಟೆಯ ಹಾಗೆ ಕೇಳುತ್ತಿದೆ. ಮತ್ತೆ ಇವರಿಗೆಲ್ಲ ಏನು ದಾಡಿ?

ಆ ನಾಲ್ಕನೆಯ ದಿನವೇ ಮಧ್ಯಾಹ್ನ, ಆಫೀಸಿನಲ್ಲಿ ದನಿ ಮುದ್ರಿಸುವ ಸದ್ದಿನ ಕೋಣೆಯಲ್ಲಿ ವಿಡಿಯೋ ಜೋಡಿಸಲು ಕೂತಳು. ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ ಪುಟ್ಟ ಕೋಣೆ. ಕಿಟಕಿಯಿಲ್ಲ. ಬಾಗಿಲಲ್ಲಿ ಅಂಗೈಯಗಲದ ಗಾಜು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ವಕೀಲನ ದನಿಯಿದೆ. ಅತ್ತ ಹೆಂಗಸಿನ ದನಿಯಿದೆ. ತಾನು ಪ್ರಶ್ನೆ ಕೇಳಿದ ಜಾಗದಲ್ಲಿ ಬರೀ ಬೀದಿಯ ಸದ್ದು. ಎರಡನೆಯ ದಿನದ್ದು ಹಾಕಿದಳು. ಮೂರನೆಯ ದಿನದ್ದು ಹಾಕಿದಳು. ಇಲ್ಲ. ಆದರೆ ಒಬ್ಬ ಮುದುಕಿಗೆ ಶಾಪ ಹೇಗೆ ಹೇಳಬೇಕೆಂದು ತೋರಿಸಿಕೊಟ್ಟ ಕಡೆ ಮಾತ್ರ ಅವಳ ದನಿ ಸ್ಫುಟವಾಗಿ ಕೇಳಿತು. ಕೂಗು, ಯಾರಿಗೂ ಕೇಳದಿರಲಿ.

ಆಗ ಮೂಗಿಗೆ ಹಸಿ ಸುಣ್ಣದ ಘಾಟು ಬಡಿಯಿತು.

ಎದ್ದಳು. ದೀಪ ಆರಿತು. ಪರದೆ ಆರಿತು. ಬಾಗಿಲ ಹಿಡಿ ತಿರುಗಿತು, ಬಾಗಿಲು ತೆರೆಯಲಿಲ್ಲ. ತಟ್ಟಿದಳು. ಗುದ್ದಿದಳು. ಸ್ಪಂಜು ಸದ್ದನ್ನೆಲ್ಲ ನುಂಗಿತು. ಫೋನ್ ತೆಗೆದು ಅಕ್ಕನಿಗೆ ಕರೆ ಮಾಡಿದಳು.

"ಹಲೋ? ಪಟಾಕಿ? ಹಲೋ... ಮಾತಾಡೇ. ಸಿಗ್ನಲ್ ಇಲ್ವೇನೋ."

"ಅಕ್ಕಾ! ಅಕ್ಕಾ, ಇಲ್ಲಿದ್ದೀನಿ ಕಣೇ!"

"ಹಲೋ?"

ಸಂದೇಶ ಒತ್ತಿದಳು: ಆಫೀಸಿಗೆ ಬಾ. ಸದ್ದಿನ ಕೋಣೆ. ಬೇಗ. ಅದು ಹೋಯಿತು. ಫೋನ್ ಸತ್ತಿತು.

ಕತ್ತಲಲ್ಲಿ ಗಾರೆ ಕಲಸುವ ಸದ್ದು. ಕರಣೆ ಕಲ್ಲಿಗೆ ಉಜ್ಜುವ ಸದ್ದು. ಕೈ ಚಾಚಿದಳು. ಸ್ಪಂಜಿರಬೇಕಾದ ಕಡೆ ಇಟ್ಟಿಗೆ. ತಣ್ಣಗೆ. ಒದ್ದೆಯಾಗಿ. ಇನ್ನೊಂದು ಕಡೆ ಚಾಚಿದಳು. ಅಲ್ಲೂ ಇಟ್ಟಿಗೆ. ಆಗಷ್ಟೇ ಕೈ ಚಾಚುವಷ್ಟು ಜಾಗವಿತ್ತು. ಈಗ ಇಲ್ಲ. ಎದೆ ತಗಲಿತು. ಬೆನ್ನು ತಗಲಿತು. ಬಾಯೊಳಗೆ ಸುಣ್ಣ. ಕಣ್ಣಿನ ಮಟ್ಟದಲ್ಲಿ ಆ ಅಂಗೈಯಗಲದ ಗಾಜೊಂದೇ ಉಳಿದಿತ್ತು.

ಗಾಜಿನಾಚೆ ಅಕ್ಕ ಬಂದಳು.

ಅಕ್ಕ ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳ ಸರದಿ ಕೂಗುವವಳು. ಡ್ಯೂಟಿ ಬಿಟ್ಟು, ಸಮವಸ್ತ್ರದಲ್ಲೇ ಓಡಿಬಂದಿದ್ದಳು. ಗಾಜಿಗೆ ಮುಖವೊತ್ತಿ ಒಳಗೆ ಇಣುಕಿದಳು. ಅವಳ ಕಣ್ಣು, ಇವಳ ಕಣ್ಣು, ನಡುವೆ ಒಂದು ಬೆರಳಿನಷ್ಟು ದೂರ.

"ಒಳಗೆ ಯಾರೂ ಇಲ್ಲಮ್ಮ," ಎಂದಿತು ಕಾವಲುಗಾರನ ದನಿ. "ನಾನೇ ನೋಡಿ ಬೀಗ ಹಾಕಿದ್ದೀನಿ."

"ಇದ್ದೀನಿ!" ಎಂದು ಕಿರುಚಿದಳು ಪಟಾಕಿ. "ಅಕ್ಕಾ, ನೋಡೇ! ಇಲ್ಲೇ ಇದ್ದೀನಿ!"

ಅಕ್ಕ ನೇರವಾಗಿ ಅವಳನ್ನೇ ನೋಡುತ್ತಿದ್ದಳು. ಅವಳಿಗೆ ಕತ್ತಲೆಯಷ್ಟೇ ಕಾಣುತ್ತಿತ್ತು. "ಇವಳ ಹುಡುಗಾಟಕ್ಕೆ ಒಂದು ಮಿತಿ ಬೇಡ್ವಾ," ಎಂದು ಗೊಣಗಿದಳು.

ಹುಡುಗಾಟವಂತೆ! ಪಟಾಕಿಯ ನೆತ್ತಿಗೆ ರಕ್ತ ನುಗ್ಗಿತು. ನಿನ್ನೆಯಿಂದ ಕಟ್ಟಿಕೊಂಡ ಸಿಟ್ಟು. ಕಾಫಿ ಕೊಡದವನ ಮೇಲಿನದು, ಬಸ್ಸಿನ ಮೇಲಿನದು, ಬಾಸ್ ಮೇಲಿನದು. ಎಲ್ಲವೂ ಆ ಎರಡು ಕಣ್ಣುಗಳ ಮೇಲೆ ತಿರುಗಿತು. ಎದುರಲ್ಲೇ ಇದ್ದೀನಿ, ನೋಡ್ತಾಳೆ, ಕೇಳಲ್ಲ. ಹಾಳಾಗಿ ಹೋಗಲಿ. ಇಟ್ಟಿಗೆಗಳ ನಡುವೆ ಕೈ ಕೂಡ ಅಲುಗುತ್ತಿರಲಿಲ್ಲ. ಹೆಬ್ಬೆರಳು ಮಾತ್ರ ಮಡಚಿಕೊಂಡಿತು. ಅವಳ ಬಾಯಿಂದ ಬೇರೆಯವರಿಗೆ ಕೇಳುವ ಮಾತು ಒಂದೇ ಒಂದಿತ್ತು. ಅದನ್ನೇ ಆಡಿದಳು.

"ಕೂಗು, ಯಾರಿಗೂ ಕೇಳದಿರಲಿ. ತಟ್ಟು, ಯಾರೂ ತೆರೆಯದಿರಲಿ."

ಊದಿದಳು. ಗಾಜು ಮಂಜಾಯಿತು.

ಅಕ್ಕ ಬೆಚ್ಚಿ ಹಿಂದೆ ಸರಿದಳು. "ಒಳಗೇ ಇದ್ದಾಳೆ! ಒಡೀರಿ ಬಾಗಿಲ—" ಎಂದವಳ ದನಿ ಅರ್ಧಕ್ಕೇ ಕತ್ತರಿಸಿದಂತೆ ನಿಂತಿತು. ಕಾವಲುಗಾರನಿಗೂ ಗಾಜಿನೊಳಗೆ ಮುಖ ಕಂಡಿತ್ತು. ಬೀಗ ಕಳಚಿತು. ಪಟಾಕಿ ಹೊರಗೆ ಬಿದ್ದಳು. ಉಗುರುಗಳಲ್ಲಿ ಹಸಿ ಗಾರೆ ತುಂಬಿತ್ತು.

"ಅಕ್ಕಾ..."

"ನಿಧಾನ ಕಣಮ್ಮ, ಇಷ್ಟು ಜೋರಾಗಿ ಯಾಕೆ ಕೂಗ್ತೀಯ," ಎಂದ ಕಾವಲುಗಾರ.

ಅವನಿಗೆ ಕೇಳಿತ್ತು! ಅವಳು ನಗುತ್ತ, ಅಳುತ್ತ ಅಕ್ಕನ ಕೊರಳಿಗೆ ಜೋತುಬಿದ್ದಳು. ಅಕ್ಕ ಅವಳ ತಲೆ ಸವರುತ್ತ ಏನೋ ಹೇಳುತ್ತಿದ್ದಳು. ತುಟಿ ಆಡುತ್ತಿತ್ತು. ಕೊರಳ ನರ ಉಬ್ಬುತ್ತಿತ್ತು. ಉಸಿರಿನ ಸದ್ದೂ ಇರಲಿಲ್ಲ.

ವಿಡಿಯೋ ಬಿಡುಗಡೆಯಾಯಿತು. ಸಿನಿಮಾಕ್ಕಿಂತ ಇದೇ ವಾಸಿ ಎಂದು ಜನ ಬರೆದರು. ಅಕ್ಕ ಎಷ್ಟು ಕೂಗಿದರೂ ರೋಗಿಗಳು ಕೂತಲ್ಲೇ ಕೂತಿರುತ್ತಿದ್ದರು. ವಾರದೊಳಗೆ ಆಸ್ಪತ್ರೆಯವರು ಅವಳನ್ನು ಬಿಡಿಸಿದರು. ಅಕ್ಕ ತಟ್ಟಿದರೆ ತೆರೆಯುವವರಿಲ್ಲವೆಂದು ಪಟಾಕಿ ಮನೆಯ ಚಿಲಕವನ್ನೇ ಕಿತ್ತು ಹಾಕಿದಳು.

ಗ್ರಂಥಪಾಲಕರ ಮನೆ ಹುಡುಕಿಕೊಂಡು ಹೋದಾಗ ಅವರು ಬಯ್ಯಲಿಲ್ಲ. "ಅಳಿಸೋಕೆ ಆಗಲ್ಲಮ್ಮ, ದಾಟಿಸಬಹುದು ಅಷ್ಟೇ," ಎಂದರು. "ಯಾರಾದ್ರೂ ಒಬ್ಬರು ಅದನ್ನ ಹೊತ್ಕೊಳ್ಳಲೇಬೇಕು. ಹೇಳೋರಿಗೆ ಅವರ ಮೇಲೆ ನಿಜವಾದ ಸಿಟ್ಟೂ ಬೇಕು."

ಅಂದು ಸಂಜೆ ಪಟಾಕಿ ಅಕ್ಕನ ಮುಂದೆ ಮಂಡಿಯೂರಿ ಕೂತಳು. "ನನಗೇ ವಾಪಸ್ ಕೊಡೇ."

ಅಕ್ಕ ಒಲ್ಲೆನೆಂದು ತಲೆಯಾಡಿಸಿದಳು. ಬಹಳ ಪೀಡಿಸಿದ ಮೇಲೆ ಹೆಬ್ಬೆರಳು ಮಡಚಿದಳು. ಹಲವು ದಿನಗಳ ನಂತರ ಆ ಮನೆಯಲ್ಲಿ ಅವಳ ದನಿ ಕೇಳಿತು. ಜ್ವರ ಬಂದ ಮಗುವಿಗೆ ಔಷಧಿ ಕುಡಿಸುವಾಗಿನ ದನಿ. "ಕೂಗು, ಯಾರಿಗೂ ಕೇಳದಿರಲಿ..." ಮುಗಿಸಿ ಮೆಲ್ಲಗೆ ಊದಿದಳು. ಪಟಾಕಿಯ ಮುಂಗುರುಳು ಅಲುಗಿತು. ಬೇರೇನೂ ಆಗಲಿಲ್ಲ.

"ಹೀಗಲ್ಲ ಕಣೇ! ಸಿಟ್ಟು ಮಾಡ್ಕೋ! ನಿನ್ನ ಬಾಯಿ ಕಿತ್ಕೊಂಡಿದ್ದು ನಾನು! ನಿನ್ನ ಕೆಲಸ ಕಳೆದಿದ್ದು ನಾನು!"

ಬಾಯಿಗೆ ಬಂದದ್ದೆಲ್ಲ ಅಂದಳು. ಅಕ್ಕನ ಮದುವೆ ಮುರಿದುಬಿದ್ದದ್ದನ್ನು ಎತ್ತಿ ಆಡಿದಳು. ಅಮ್ಮನ ಕೊನೆಗಾಲದ ಬಗ್ಗೆ ಆಡಬಾರದ ಮಾತಾಡಿದಳು. ಕೊನೆಗೆ, ಅಮ್ಮ ಉಳಿಸಿ ಹೋಗಿದ್ದ ಒಂದೇ ಒಂದು ಪಿಂಗಾಣಿ ಬಟ್ಟಲನ್ನು ಎತ್ತಿ ಗೋಡೆಗೆ ಅಪ್ಪಳಿಸಿದಳು.

ಅಕ್ಕ ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ತಂಗಿಯ ಬರಿಗಾಲನ್ನು ನೋಡಿ, ಕದಲಬೇಡವೆಂದು ಕೈಸನ್ನೆ ಮಾಡಿ, ಪೊರಕೆ ತರಲು ಒಳಗೆ ಹೋದಳು.