ಎರಡು ಸಲ ಕೆಮ್ಮಿದರೆ

ಬಿಳಿಗಲ್ಲೂರು ಪೊಲೀಸ್ ಠಾಣೆಗೆ ದೂರು ಬಂದದ್ದು 11-03-2025ರ ಮಂಗಳವಾರ, ಬೆಳಗ್ಗೆ 10.20ಕ್ಕೆ. ತಂದವರು ಪಟ್ಟಣ ಪಂಚಾಯಿತಿ ಮುಖ್ಯಾಧಿಕಾರಿ ಸತೀಶ್ ಕುಮಾರ್. ಪಂಚಾಯಿತಿ ಹಿಂಭಾಗದ ಕೋಣೆಯ ಬೀಗ ಒಡೆದಿದೆ, ಸಿಮ್ ಸಮೇತ ಒಂದು ಹಳೆಯ ಬಟನ್ ಫೋನ್ ಕಳುವಾಗಿದೆ ಎಂಬುದು ದೂರು.

"ಬರೀ ಫೋನಾ?" ಎಂದರು ಪಿಎಸ್‌ಐ ಗುರುಬಸವರಾಜ್.

"ಆಡಿಟ್ ಐತೆ ಸಾರ್. ಸಾಮಾನಿನ ಪಟ್ಟಿ ತಾಳೆ ಆಗ್ಬೇಕು. ಎಫ್‌ಐಆರ್ ಬೇಕೇ ಬೇಕು."

"ಯಾವತ್ತು ಒಡೆದಿದ್ದು?"

"ಗೊತ್ತಿಲ್ಲ. ಜನವರಿಯಲ್ಲಿ ಸಾಮಾನು ತುಂಬಿ ಬೀಗ ಹಾಕಿದ್ವಿ. ಇವತ್ತು ಕಮಾನಿಗೆ ಬಳಿಯೋ ಪೇಂಟ್ ಡಬ್ಬಿ ತರಾಕೆ ಹೋದಾಗ ಕಂಡಿದ್ದು."

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪ್ರೇಮಲತಾಳ ಪೆನ್ನು ನಿಂತಿತು. ಆ ಕೋಣೆ ಅವಳಿಗೆ ಗೊತ್ತು. ಗಂಡನ ಕೈಯಲ್ಲಿ ಏಟು ತಿಂದು, ಠಾಣೆ ಮೆಟ್ಟಿಲು ಹತ್ತಲು ಹೆದರಿದ ಹೆಂಗಸರಿಗೆ ಆರು ವರ್ಷ ಆಸರೆಯಾಗಿದ್ದ ಕೇಂದ್ರ ಅದು. ಬಜೆಟ್ ಸಭೆಯಲ್ಲಿ ಅದರ ಅನುದಾನ ಕಿತ್ತು ಊರ ಬಾಗಿಲಿಗೆ ಸ್ವಾಗತ ಕಮಾನು ಕಟ್ಟಲು ಕೊಟ್ಟರು. ಹದಿನೈದು ಸದಸ್ಯರಲ್ಲಿ ಏಳು ಜನ ಹೆಂಗಸರು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಊರಿಗೆ ಬರುವ ದೊಡ್ಡವರಿಗೆ ಸ್ವಾಗತ, ಮನೆಯಿಂದ ಓಡಿ ಬಂದವಳಿಗೆ ಬೀಗ!

11.45ಕ್ಕೆ ಸ್ಥಳ ಪಂಚನಾಮೆ ನಡೆಯಿತು. ಒಡೆದ ಬೀಗವನ್ನು ಯಾರೋ ಮತ್ತೆ ಕೊಂಡಿಗೆ ಸಿಕ್ಕಿಸಿಟ್ಟಿದ್ದರು. ಒಳಗೆ ತಾಮ್ರದ ತಂತಿಯ ಸುರುಳಿಗಳು, ಬಲ್ಬಿನ ಪೆಟ್ಟಿಗೆಗಳು ಧೂಳು ಹಿಡಿದು ಇಟ್ಟಲ್ಲೇ ಇದ್ದವು.

"ಎಂಥ ಹುಚ್ಚು ಕಳ್ಳ ಮೇಡಂ ಇವ್ನು! ತಾಮ್ರ ಬಿಟ್ಟು ಡಬ್ಬಾ ಫೋನ್ ಒಯ್ದಾನೆ," ಎಂದ ಕಾನ್‌ಸ್ಟೇಬಲ್ ಸಿದ್ದೇಶ್.

"ಇವ್ನು ಅಂತ ಯಾಕಂತೀಯ?"

ಕಳುವಾದದ್ದು ಕೇಂದ್ರದ ಸಹಾಯವಾಣಿ ಫೋನು; ಅದರ ನಂಬರು ಎಲ್ಲಿದೆ ಎಂದು ಪ್ರೇಮಲತಾ ಬಲ್ಲಳು. ಗಂಡಸರ ಕಣ್ಣಿಗೆ ಬೀಳದಿರಲಿ ಎಂದು ಬಸ್ ಸ್ಟ್ಯಾಂಡಿನ ಹೆಂಗಸರ ಶೌಚಾಲಯದ ಬಾಗಿಲ ಒಳಮೈಗೆ ಬರೆಸಿದ್ದರು. 12.30ಕ್ಕೆ ಅಲ್ಲಿಗೆ ಹೋಗಿ, ಬಾಗಿಲು ಹಾಕಿಕೊಂಡು ಆ ನಂಬರಿಗೆ ಕರೆ ಮಾಡಿದಳು. ಎರಡನೇ ರಿಂಗಿಗೇ ಎತ್ತಿದರು.

"ಹೇಳವ್ವಾ. ಪಕ್ಕದಾಗೆ ಅವ್ನು ಅದಾನೇನು? ಇದ್ರೆ ಮಾತಾಡ್ಬ್ಯಾಡ, ಒಂದು ಸಲ ಕೆಮ್ಮು."

ಮಾತು ಮುಂದುವರಿಯಲಿ ಎಂದು ಪ್ರೇಮಲತಾ ಕೆಮ್ಮಿದಳು.

"ಆತು, ನಾನೇ ಮಾತಾಡ್ತೀನಿ, ನೀನು ಕೇಳು. ತಡಿಯಾಕೆ ಆಗಲ್ಲ, ಈಗ್ಲೇ ಯಾರಾದ್ರೂ ಬರ್ಬೇಕು ಅಂದ್ರೆ ಎರಡು ಸಲ ಕೆಮ್ಮು."

ದನಿಯ ಹಿಂದೆ ಕಂಡಕ್ಟರ್ "ಹೊನ್ನಾಳಿ, ಹೊನ್ನಾಳಿ" ಎಂದು ಕೂಗಿದ. ಅದೇ ಕೂಗು ಗೋಡೆಯಾಚೆಯಿಂದಲೂ ಬಂತು.

ಹೊರಗೆ ಮಂಡಕ್ಕಿ ಗಾಡಿಯ ಹಿಂದೆ ಕೊಟ್ರಮ್ಮ ನಿಂತಿದ್ದಳು. ಕೇಂದ್ರದಲ್ಲಿ ಕಸ ಗುಡಿಸಿ, ಬಂದವರಿಗೆ ಚಹಾ ಕಾಸಿ ಕೊಡುತ್ತಿದ್ದ ಆಯಾ. ಫೋನು ಇನ್ನೂ ಕಿವಿಯಲ್ಲೇ ಇತ್ತು.

"ನೀವಾ ಮೇಡಂ ಕೆಮ್ಮಿದ್ದು?"

"ಹೂಂ."

"ಸದ್ಯ. ನಾನು ಚೈತ್ರಶ್ರೀ ಅಂದ್ಕಂಡು ಹೆದ್ರಿದ್ದೆ." ಖಾಕಿ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿದ ಮೇಲೆ ಅವಳಿಗೆ ಅರ್ಥವಾಯಿತು. "ಮೂರು ಗಂಟೆ ತಂಕ ಬಿಡ್ರಿ. ಗೋವಿನಕೋವಿ ಊರಿನ ಹುಡುಗಿ ಅದು. ದಿನಾ ಮೂರಕ್ಕೆ ಫೋನ್ ಮಾಡ್ತಾಳೆ. ನಿನ್ನೆ ಗಂಡ ಕತ್ತು ಹಿಸುಕ್ಯಾನೆ. ಅದೊಂದು ಎತ್ತಿ ಬರ್ತೀನಿ."

12.50ಕ್ಕೆ ಕೊಟ್ರಮ್ಮನನ್ನು ದಸ್ತಗಿರಿ ಮಾಡಲಾಯಿತು.

"ಬೀಗ ಒಡೆದಿದ್ದು ನೀನೇನಾ?" ಠಾಣೆಯಲ್ಲಿ ಪಿಎಸ್‌ಐ ಕೇಳಿದರು.

"ಹೂಂ ಸಾಹೇಬ್ರೆ. ಕಲ್ಲು ತಗಂಡು."

"ಕರೆನ್ಸಿ ಯಾರು ಹಾಕ್ಸಿದ್ದು?"

"ನಾನೇ. ಮಂಡಕ್ಕಿ ಮಾರಿ."

"ಯಾಕಮ್ಮ ನಿನಗೀ ಉಸಾಬರಿ?"

ಕೊಟ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಬೀಗ ಹಾಕಿದ ದಿನ ಫೋನು ಒಳಗೇ ಉಳೀತು. ನಾನು ಹೊರಗೆ ನಿಂತಿದ್ದೆ. ನಾಲ್ಕು ಸಲ ಬಡ್ಕಂತು. ಕೀಲಿ ಕೇಳಾಕೆ ಹೋದ್ರೆ ಸೋಮವಾರ ಬಾ ಅಂದ್ರು. ಸೋಮವಾರ ತ್ಯಾವಣಿಗೆ ಹತ್ರ ಚಾನಲ್ ನೀರಾಗೆ ಒಬ್ಳ ಹೆಣ ಸಿಕ್ತು. ಆಮೇಲೆ ಬೀಗ ಒಡೆದು ನೋಡಿದ್ರೆ ನಾಲ್ಕೂ ಅವ್ಳ್ದೇ ನಂಬ್ರು, ನಂಗೆ ಬಾಯಿಪಾಠ. ಕಲ್ಲು ಅವತ್ತೂ ಕಾಲತ್ರಾನೇ ಇತ್ತು ಸಾಹೇಬ್ರೆ. ಸರ್ಕಾರದ ಬೀಗ ಅಂತ ಹೆದ್ರಿದೆ."

ಪ್ರೇಮಲತಾ ಗೋಡೆಯ ಗಡಿಯಾರ ನೋಡಿದಳು.

"ಸಾರ್, ಗೋವಿನಕೋವಿಗೆ ಹೋಗಿ ಬರ್ಲಾ?" ಎಂದಳು ಪ್ರೇಮಲತಾ.

"ದೂರು ಇಲ್ದೆ ಯಾರ ಮನೆಗೆ ನುಗ್ತೀಯ? ಆ ಹೆಣ್ಮಗಳು ಬಂದು ಬರ್ಕೊಡ್ಲಿ. ಫೋನ್ ಆಫ್ ಮಾಡಿ ಸೀಲ್ ಮಾಡು."

"ಆಯ್ತು ಸಾರ್."

2.15ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಪ್ರೇಮಲತಾ ಫೋನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅರಗಿನ ಮುದ್ರೆ ಒತ್ತಿದಳು. ಕೇಸಿನ ಮುದ್ದೆಮಾಲು, ಇನ್ನು ಕೋರ್ಟಿನ ಅಪ್ಪಣೆಯಿಲ್ಲದೆ ಬಿಚ್ಚುವಂತಿಲ್ಲ. ಆಫ್ ಮಾತ್ರ ಮಾಡಲಿಲ್ಲ.

3.02ಕ್ಕೆ ಮೇಜಿನ ಮೇಲಿನ ಬಟ್ಟೆಯ ಗಂಟು ಬಡಿದುಕೊಳ್ಳತೊಡಗಿತು.

"ಆಫ್ ಮಾಡು ಅಂದಿದ್ನಲ್ಲ?" ಪಿಎಸ್‌ಐ ಗದರಿದರು.

"ಮರೆತೆ ಸಾರ್."

ಬೆಂಚಿನ ಮೇಲಿದ್ದ ಕೊಟ್ರಮ್ಮ ಎದ್ದುಬಿಟ್ಟಳು. "ಎತ್ರವ್ವಾ! ಕೈ ಮುಗಿತೀನಿ, ನಿಂತೋಗ್ತೈತೆ!"

"ಸೀಲ್ ಒಡೆದ್ರೆ ಕೆಲ್ಸ ಹೋಗ್ತೈತೆ ಪ್ರೇಮಲತಾ," ಎಂದರು ಪಿಎಸ್‌ಐ.

ಮೂರನೇ ರಿಂಗು. ಪ್ರೇಮಲತಾ ಬ್ಲೇಡು ತೆಗೆದುಕೊಂಡು ಬಟ್ಟೆಯನ್ನು ಸೀಳಿದಳು. ಅರಗು ಚೂರುಚೂರಾಗಿ ನೆಲಕ್ಕೆ ಉದುರಿತು.

"ಹೇಳವ್ವಾ."

ಆ ಕಡೆ ಮಾತಿಲ್ಲ. ಪಾತ್ರೆ ಉರುಳಿದ ಸದ್ದು. ಒಂದು ಕೆಮ್ಮು. ಉಸಿರು ಎಳೆದುಕೊಂಡು, ಇನ್ನೊಂದು.

"ಎಷ್ಟು?" ಎಂದಳು ಕೊಟ್ರಮ್ಮ.

"ಎರಡು."

"ಮನೆ ನಂಗೆ ಗೊತ್ತೈತೆ. ಬೇಕಾದ್ರೆ ಬೇಡಿ ಹಾಕೇ ಕರ್ಕಂಡು ಹೋಗ್ರಿ."

ಗುರುಬಸವರಾಜ್ ನೆಲದ ಮೇಲಿನ ಅರಗಿನ ಚೂರುಗಳನ್ನು ನೋಡಿದರು. ಟೋಪಿ ಎತ್ತಿಕೊಂಡರು. "ಸಿದ್ದೇಶ್, ಜೀಪು ತೆಗಿ."

ಪ್ರೇಮಲತಾ ಠಾಣಾ ದಿನಚರಿಯಲ್ಲಿ ನಿಂತೇ ಬರೆದಳು: 'ಮ. 3.02: ಮುದ್ದೆಮಾಲಿನ ಸೀಲ್ ಒಡೆದವರು, ಹೆ.ಕಾ. ಪ್ರೇಮಲತಾ. ಮ. 3.04: ಆರೋಪಿ ಸಮೇತ ಗೋವಿನಕೋವಿಗೆ.'

ಊರ ಬಾಗಿಲಲ್ಲಿ ಕಮಾನಿಗೆ ಬಣ್ಣ ಬಳಿಯುತ್ತಿದ್ದರು. ಜೀಪು ಅದರಡಿ ಹಾಯುವಾಗ ಕೊಟ್ರಮ್ಮ ತಲೆ ಎತ್ತಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ಹೇಳುತ್ತಲೇ ಇದ್ದಳು: "ಇಡಬ್ಯಾಡ ಮಗಾ. ಹೊರಟೀವಿ. ಕೆಮ್ಮು... ಕೆಮ್ತಾ ಇರು."

ಆ ಕಡೆಯಿಂದ ಏನು ಕೇಳಿಸುತ್ತಿದೆ ಎಂದು ಕೇಳುವ ಧೈರ್ಯ ಪ್ರೇಮಲತಾಳಿಗೆ ಬರಲಿಲ್ಲ.