ಓಣಿಯಲ್ಲಿ ನೆಟ್ಟ ದೇವಿ

ಹೆಡ್ ಕಾನ್‌ಸ್ಟೇಬಲ್ ದುರುಗಣ್ಣ ಸೀಟಿ ಊದಿದರೆ ತುಂಗಭದ್ರಾ ಅಣೆಕಟ್ಟಿನ ಗೇಟಿನಿಂದ ಧುಮುಕುವ ನೀರೂ ಗಕ್ಕನೆ ನಿಂತು ಲೈಸೆನ್ಸ್ ತೆಗೆದು ತೋರಿಸುತ್ತದೆ. ಹೊಸಪೇಟೆಯಲ್ಲಿ ಇದನ್ನು ನಂಬದವರು ಆ ಸೀಟಿ ಕೇಳದವರು, ಅಷ್ಟೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ದೂರು ತಂದವನು ಟಿಪ್ಪರ್ ಮಾಲೀಕ ಕನಕರಾಜ್. ಸಂಡೂರಿನಿಂದ ಅದಿರು ತರುವ ಅವನ ಗಾಡಿಗಳು ಚೆಕ್‌ಪೋಸ್ಟ್ ತಪ್ಪಿಸಲು ಶಾಲೆಯ ಓಣಿಯಲ್ಲಿ ನುಗ್ಗುತ್ತವೆ. ದೂರಿನಲ್ಲಿ ಅದನ್ನು ಬರೆದಿರಲಿಲ್ಲ.

"ರೋಡಿನ ನಡುವ ಯಾರೋ ದೇವಿ ಕಲ್ಲು ನೆಟ್ಟಾರ್ರಿ ಮೇಡಂ. ನಮ್ಮ ಡ್ರೈವರುಗಳು ಅಲ್ಲಿ ಆಮೆ ಆಗ್ತಾರ. ಇಳಿದು ಕೈ ಮುಗೀತಾರ. ಟ್ರಿಪ್ ಎಲ್ಲಾ ಲೇಟು."

"ಜಲ್ದಿ ಹೋಗ್ರಿ ಅಂತ ಹೇಳಬೇಕಿತ್ತು" ಎಂದರು ಇನ್‌ಸ್ಪೆಕ್ಟರ್ ರೇಣುಕಾದೇವಿ.

"ಹೇಳೀನ್ರಿ. ನೀವ ಬಂದು ಓಡಸ್ರಿ ಅಂತಾರ."

ಎಫ್‌ಐಆರ್ ಆಯಿತು: ಸಾರ್ವಜನಿಕ ದಾರಿಗೆ ಅಡ್ಡಿ. ಸ್ಥಳದಲ್ಲಿ ಪಂಚನಾಮೆಗೆ ಜನ ಕರೆದರೆ ಇಡೀ ಓಣಿ ಕಣ್ಣು ಮಿಟುಕಿಸುವುದರೊಳಗೆ ಮಾಯವಾಯಿತು. ದೇವಿಯ ವಿರುದ್ಧ ಸಹಿ ಹಾಕುವವರು ಯಾರು? ಸಿಮೆಂಟಿನಲ್ಲಿ ಕೂರಿಸಿದ ಕಲ್ಲು, ಮೈತುಂಬ ಅರಿಶಿನ ಕುಂಕುಮ, ಮೇಲೆ ಬೇವಿನ ಸೊಪ್ಪು. ದುರುಗಣ್ಣ ಹದ್ದಿನ ಕಣ್ಣು ಒಮ್ಮೆ ಹಾಯಿಸಿದ. ಅಂಗೈದಪ್ಪ ಕುಂಕುಮದ ಒಳಗಿದ್ದ ತೂತು ಅವನಿಗೆ ಕಂಡೇ ಬಿಟ್ಟಿತು.

"ಇದು ದೇವಿ ಅಲ್ರಿ ಮೇಡಂ, ರುಬ್ಬುಗುಂಡು. ಮರದ ಹಿಡಿ ಕೂರ್ಸೋ ತೂತು ನೋಡ್ರಿ."

ರುಬ್ಬುಗುಂಡಿನ ವಿರುದ್ಧ ಸಹಿ ಹಾಕಲು ಇಬ್ಬರು ಕೂಡಲೇ ಸಿಕ್ಕರು.

"ಗುಂಡಿಲ್ಲದ ಒರಳು ಯಾರ ಮನ್ಯಾಗೈತಿ, ಹುಡುಕ್ರಿ" ಎಂದರು ರೇಣುಕಾದೇವಿ.

ಮಿಕ್ಸಿ ಬಂದ ಮೇಲೆ ಒರಳುಗಳೆಲ್ಲ ಹಿತ್ತಿಲು ಸೇರಿದ್ದವು, ಗುಂಡು ಮಾತ್ರ ಒಳಗೇ ಕೂತಿರುತ್ತಿತ್ತು. ಕೊನೆಯ ಮನೆಯ ಒರಳಿನಲ್ಲಿ ಗುಬ್ಬಿಗಳಿಗೆ ನೀರು ತುಂಬಿಟ್ಟಿದ್ದರು. ಪಕ್ಕದ ಮಂಚದಲ್ಲಿ ತಿಪ್ಪಕ್ಕ. ಅವಳ ಬಲಗಾಲು ಮೊಣಕಾಲಿಗೇ ಮುಗಿದಿತ್ತು. ಗೋಡೆಯಲ್ಲಿ ಬುದ್ಧನ ಪಟ. ಮಗಳು ಸಂಘಮಿತ್ರಾ, ಓಣಿಯ ಶಾಲೆಯ ಟೀಚರ್, ಬಿಡುವಿನಲ್ಲಿ ಅವ್ವನನ್ನು ನೋಡಲು ಬಂದಿದ್ದವಳು, ಹೊರಗೆ ಬಂದಳು.

"ಕಲ್ಲು ನಿಂದೇನಮ್ಮ?" ಎಂದರು ರೇಣುಕಾದೇವಿ.

"ಹೌದ್ರಿ."

"ನೀವು ದೇವಿಗೆ ನಡಕೊಳ್ಳೋರಲ್ಲ."

"ನಾ ನಂಬಂಗಿಲ್ರಿ. ಡ್ರೈವರುಗಳು ನಂಬ್ತಾರ. ಹಂಪ್ ಹಾಕ್ರಿ ಅಂತ ಕಚೇರಿ ಕಚೇರಿ ಅಲೆದೆ. 'ಯಾರಾರ ಸತ್ತಾರೇನು?' ಅಂದ್ರು. ನಮ್ಮವ್ವನ ಕಾಲು ಹೋಗಿದ್ದು ಸಾಲದಂತ. ದಿನಾ ನನ್ನ ಕ್ಲಾಸಿನ ಮಕ್ಕಳು ಅದ ರೋಡು ದಾಟ್ತಾವ. ಅದರಾಗ ಯಾರನ್ನ ಕೊಡ್ಲಿ, ನೀವ ಹೇಳ್ರಿ."

ರೇಣುಕಾದೇವಿ ಬಂಧನದ ಕಾಗದ ತೆಗೆದರು. ಸಹಿ ಹಾಕುವಾಗ ಪೆನ್ನಿನ ಮೊನೆಗೆ ಕಾಗದ ಹರಿಯಿತು.

ದುರುಗಣ್ಣ ಎದೆ ಉಬ್ಬಿಸಿದ. "ನನಗೊಂದು ಮಾತು ಹೇಳಿದ್ರ ಸಾಕಿತ್ತವ್ವ. ಒಂದ ಸೀಟಿ."

ಮಂಚದಿಂದ ತಿಪ್ಪಕ್ಕ ಕೇಳಿದಳು: "ನಾ ಬಿದ್ದ ದಿನ ಮೂಲ್ಯಾಗ ಕೆನ್ನಿ ಉಬ್ಬಿಸಿ ಊದಿದವ ನೀನ ಅಲ್ಲೇನೋ ಅಣ್ಣಾ? ನಿಂತಿತ್ತೇನು ಗಾಡಿ?"

ಇನ್‌ಸ್ಪೆಕ್ಟರ್ ದುರುಗಣ್ಣನ ಕಡೆ ತಿರುಗಿ ನೋಡಿದರು.

ಆ ದುರುಗಣ್ಣ ನಾನೇ. ಹದ್ದಿನ ಕಣ್ಣೂ ಸುಳ್ಳು. ಪಂಚನಾಮೆಗೆ ಮೊದಲು ಬೂಟು ಬಿಚ್ಚಿ ಆ ಕಲ್ಲಿಗೆ ಕಾಯಿ ಒಡೆದವನು ನಾನು. ಕಾಯಿನೀರಿಗೆ ಕುಂಕುಮ ತೊಳೆದುಹೋಗಿ ತೂತು ತಾನೇ ಕಂಡಿತು. ತಿಪ್ಪಕ್ಕನ ಕಾಲು ತೆಗೆದದ್ದು ನಮ್ಮ ಕಡತದಲ್ಲಿ ಇವತ್ತಿಗೂ 'ಗುರುತು ಸಿಗದ ವಾಹನ'. ಅವಳ ಮಗಳ ಗುರುತು ಮಧ್ಯಾಹ್ನದೊಳಗೆ ಸಿಕ್ಕಿತ್ತು.

ಅವಳಿಗೆ ಠಾಣೆಯಲ್ಲೇ ಜಾಮೀನಾಯಿತು. ಕಲ್ಲನ್ನು ಹಾರೆಯಿಂದ ಮೀಟಿ ಜಪ್ತಿ ಮಾಡಿದೆವು. ಸಂಜೆ ಶಾಲೆ ಬಿಡುವ ಹೊತ್ತಿಗೆ ನಾನು ಓಣಿಯ ಮೂಲೆಯಲ್ಲಿದ್ದೆ. ಟಿಪ್ಪರ್ ಬಂತು. ಉಸಿರು ಕಟ್ಟುವವರೆಗೆ ಊದಿದೆ.

ನಿಲ್ಲಲಿಲ್ಲ.