ಹದಿಮೂರನೆಯ ಕಲ್ಲು

ಆ ದಿನ ದೋಹಾದಲ್ಲಿ ಸೂರ್ಯ ಮೂಡಿದ್ದು ಯಾರಿಗೂ ತಿಳಿಯಲಿಲ್ಲ. ರಾತ್ರಿಯಿಡೀ ಬೀಸಿದ ಬಡಗಣ ಗಾಳಿ ಮರಳುಗಾಡನ್ನೇ ಹೊತ್ತು ತಂದು ಊರ ಮೇಲೆ ಸುರಿದಿತ್ತು. ಎರಡು ಸಾವಿರದ ಆರನೆಯ ಇಸವಿಯ ಜೂನ್ ತಿಂಗಳು. ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡಗಳು ಹಿಟ್ಟಿನಲ್ಲಿ ಹೊರಳಿದಂತೆ ಬೆಳ್ಳಗೆ ನಿಂತಿದ್ದವು. ಗಾಳಿ ನಡುವೆ ತುಸು ನಿಂತಾಗ ಉರ್ಸುಲಾಳ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತಿತ್ತು, ಯಾರೋ ಉಸಿರು ಬಿಗಿಹಿಡಿದು ಹೊಂಚುತ್ತಿರುವ ಹಾಗೆ.

ಶಿರ್ವದ ಉರ್ಸುಲಾ ಯಂತ್ರಗಳನ್ನು ಆಫ್ರಿಕಾಕ್ಕೆ ಕಳಿಸುವ ಒಂದು ಸಣ್ಣ ಕಂಪನಿಯಲ್ಲಿ ಕ್ಲರ್ಕ್. ಆಫೀಸಿನ ಹಿಂದೆಯೇ ಗೋಡೌನು. ಅಲ್ಲಿ ಹನ್ನೆರಡು ಹಿಟ್ಟಿನ ಗಿರಣಿಗಳು, ಒಂದು ಹೆಚ್ಚಿಗೆ ಇರಲೆಂದು ಹದಿಮೂರು ಬೀಸುವ ಕಲ್ಲುಗಳು ಸಾಲಾಗಿ ಕೂತಿದ್ದವು. ಹತ್ತು ಗಂಟೆಗೆ ತಪಾಸಣೆಯವರು ಬರುವವರಿದ್ದರು, ಆಮೇಲೆ ಕಂಟೇನರು. ಕಲ್ಲುಗಳ ಮೇಲೆ ಧೂಳು ಬೆರಳು ದಪ್ಪಕ್ಕೆ ಕೂತಿತ್ತು. ಕಾಳು ನುರಿಯುವಂತೆ ಅವುಗಳ ಮೈಗೆ ಉಳಿಯಿಂದ ಚುಕ್ಕಿಚುಕ್ಕಿಯಾಗಿ ಮುಳ್ಳು ಹೊಡೆದ ತನಿಯನನ್ನು ಹಳೆಯ ಎಂಜಿನ್ ತರಲು ಬೆಳಗಾಗುವ ಮೊದಲೇ ಬಡಗಣ ತುದಿಯ ಅಲ್ ಶಮಾಲ್‌ಗೆ ಕಳಿಸಿದ್ದರು. ಅವನ ಕೆಲಸ ನೋಡುವವರ ಕಣ್ಣಿಗೆ ಚೆಂದ ಕಾಣಲಿ ಎಂದು ಉರ್ಸುಲಾ ಒದ್ದೆ ಬಟ್ಟೆ ತಂದು ಒಂದೊಂದೇ ಕಲ್ಲನ್ನು ಒರೆಸಿದಳು. ಒಂದರ ಅಂಚಿಗೆ ಇದ್ದಿಲಿನ ಕರೆ ಹತ್ತಿತ್ತು. ಅದನ್ನು ಎರಡು ಸಲ ಹೆಚ್ಚಿಗೆ ತಿಕ್ಕಿ ತೆಗೆದಳು.

ಕಾರ್ಕಳದ ತನಿಯ ಮನೆಮನೆಗೆ ಹೋಗಿ ಅರೆಯುವ ಕಲ್ಲಿಗೆ ಮುಳ್ಳು ಹೊಡೆಯುತ್ತಿದ್ದವರ ಮಗ. ಕಲ್ಲು ಮಾತಾಡುತ್ತದೆ ಎಂದು ನಂಬಿದವನು. ಉಳಿಯ ಹಿಂಬದಿಯಿಂದ ತಟ್ಟಿದರೆ ಒಳ್ಳೆಯ ಕಲ್ಲು ಗಂಟೆಯಂತೆ ನುಡಿಯುತ್ತದೆ, ಒಳಗೆ ಬಿರುಕಿದ್ದರೆ ಬಾಯಿಗೆ ಬಟ್ಟೆ ತುರುಕಿದಂತೆ ಗುಮ್ಮೆನ್ನುತ್ತದೆ. ಅಂಥ ಕಲ್ಲು ವೇಗಕ್ಕೆ ಸಿಕ್ಕಿದರೆ ಸಿಡಿಯುತ್ತದೆ, ಎದುರಿದ್ದವರು ಉಳಿಯುವುದಿಲ್ಲ. ಮೊದಲ ಸಲ ಸಿಕ್ಕಾಗ ಉರ್ಸುಲಾಳ ಚಹಾದ ಗ್ಲಾಸನ್ನು ಉಗುರಿನಿಂದ ತಟ್ಟಿ, ಕಿವಿಗೊಟ್ಟು, ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ, "ಬಾಯಮ್ಮ, ಇದು ಒಡೀತದೆ" ಎಂದಿದ್ದ. ಮಧ್ಯಾಹ್ನ ಅದು ಒಡೆದೇ ಹೋಯಿತು. ಅವನು ಬೇಕೆಂದೇ ಮೊಣಕೈ ತಾಗಿಸಿದ್ದ ಎಂದು ಅವಳಿಗೆ ಇಂದಿಗೂ ಸಂಶಯ. ಕೇಳಿದಾಗಲೆಲ್ಲ ಅವನು ಕಣ್ಣಂಚಿನಲ್ಲಿ ನಕ್ಕು ಬೇರೆಲ್ಲೋ ನೋಡುತ್ತಿದ್ದ.

ಚಹಾದ ಹೊತ್ತಿನಲ್ಲಿ ಅವನು ಹೇಳುತ್ತಿದ್ದದ್ದು ಟಾಂಜಾನಿಯಾದ ಒಂದು ಹಳ್ಳಿಯ ಕಥೆ. ಅಲ್ಲಿ ಯಾರೋ ದೊಡ್ಡವರು ಕೊಟ್ಟ ಗಿರಣಿ ಒಂದು ಚಿಕ್ಕ ಬಿಡಿಭಾಗ ಸಿಗದೆ ನಿಂತುಹೋಗಿ, ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಮೂರು ವರ್ಷದ ಹಿಂದೆ ತನಿಯ ಹೋಗಿ ಕಲ್ಲಿನ ಗಿರಣಿ ಕೂರಿಸಿದ. ಮಾಮಾ ಸೌದಾ ಎಂಬ ಹೆಂಗಸಿನ ಕೈಗೆ ಉಳಿ ಕೊಟ್ಟು, ಸವೆದ ಕಲ್ಲಿಗೆ ಮುಳ್ಳು ಹೊಡೆಯುವುದನ್ನೂ ಕಲಿಸಿದ. ಗಿರಣಿಯ ಬೀಗದ ಕೈ ವಾರಕ್ಕೊಂದು ಮನೆಗೆ ಹೋಗುತ್ತದೆ, ಯಾರೊಬ್ಬರೂ ಯಜಮಾನಿಯಲ್ಲ. ಜೋಳ ಬೀಸಿ ಬಂದದ್ದರಲ್ಲಿ ಆ ಹೆಂಗಸರು ಶಾಲೆಗೆ ಮಾಡು ಹೊದಿಸಿದರು, ಬಾವಿ ತೋಡಿಸಿದರು. ಸುತ್ತಲಿನ ಹಳ್ಳಿಗಳವರೂ ತಮಗೂ ಬೇಕೆಂದು ಸಂಘ ಕಟ್ಟಿದರು. ಈ ಹನ್ನೆರಡು ಗಿರಣಿಗಳು ಅವರಿಗೆ.

ಸಂಜೆ ತನಿಯ ಬಂದಾಗ ಕಂಟೇನರು ಹೋಗಿ ಆಗಿತ್ತು. ಅವನ ರೆಪ್ಪೆಯ ಮೇಲೂ ಧೂಳು.

"ಕನ್ನಡಿ ನೋಡಿದ್ರಾ? ಮುದುಕ ಆಗಿ ಬಂದಿದ್ದೀರಿ" ಎಂದಳು ಉರ್ಸುಲಾ.

"ನೀವು ಇಷ್ಟು ವರ್ಷ ಕಾಯಿಸಿದ್ರೆ ಮತ್ತೇನಾಗ್ತದೆ?"

ಅವಳ ಕೆನ್ನೆ ಬಿಸಿಯಾಯಿತು. ಅವನು ನಗುತ್ತಲೇ ಗೋಡೌನಿನ ಮೂಲೆಗೆ ಹೋದ. ಉಳಿದ ಹದಿಮೂರನೆಯ ಕಲ್ಲು ಅಲ್ಲಿತ್ತು. ಇದ್ದಿಲಿನ ಗುರುತಿದ್ದದ್ದು ಬಿರುಕಿನ ಕಲ್ಲು, ಅದನ್ನು ಬಿಟ್ಟು ಉಳಿದದ್ದು ತುಂಬಿಸಿ ಎಂದು ಕೆಲಸದವರಿಗೆ ಹೇಳಿ ಹೋಗಿದ್ದನಂತೆ. ಅಭ್ಯಾಸದಂತೆ ಉಳಿ ತೆಗೆದು ತಟ್ಟಿದ.

ಕಲ್ಲು ಗಂಟೆಯಂತೆ ನುಡಿಯಿತು.

ಅಷ್ಟು ಇಂಪಾದ ದನಿಗೆ ಅಷ್ಟು ಹೆದರಿದ್ದು ಉರ್ಸುಲಾ ಅದೇ ಮೊದಲು. ತನಿಯ ಮತ್ತೊಮ್ಮೆ ತಟ್ಟಿದ. ನಗು ಅವನ ಮುಖದಿಂದ ಮೆಲ್ಲನೆ ಇಳಿದುಹೋಯಿತು. ಗುರುತು ಕಾಣದೆ ಕೆಲಸದವರು ಕೈಗೆ ಸಿಕ್ಕಿದ್ದನ್ನು ಬಿಟ್ಟು ಹೋಗಿದ್ದರು. ಬಿರುಕಿನ ಕಲ್ಲು ಹಡಗಿನ ದಾರಿ ಹಿಡಿದಿತ್ತು.

ಗಾಳಿ ಅಳಿಸಿತು ಎಂದಿದ್ದರೆ ಅವನು ನಂಬುತ್ತಿದ್ದ. ಉರ್ಸುಲಾ ಕೊರಳ ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಒರೆಸಿದ್ದು ನಾನು."

"ಯಾಕೆ?"

"ನಿಮ್ಮ ಕೆಲಸ ಚೆಂದ ಕಾಣ್ಲಿ ಅಂತ. ನಿಮ್ಮನ್ನು ಯಾರೂ ಸಣ್ಣ ಮಾಡಿ ನೋಡಬಾರದು ಅಂತ."

ವರ್ಷಗಳಿಂದ ಗಂಟಲಲ್ಲಿ ಇಟ್ಟುಕೊಂಡ ಮಾತು ಹೀಗೆ, ಇಂಥ ಹೊತ್ತಿನಲ್ಲಿ ಹೊರಬಿತ್ತು. ತನಿಯ ಬಯ್ಯಲಿಲ್ಲ. ಒದ್ದೆ ಬಟ್ಟೆ ಹಿಡಿದು ಕೆಂಪಾಗಿದ್ದ ಅವಳ ಬೆರಳುಗಳನ್ನು ಬಹಳ ಹೊತ್ತು ನೋಡಿದ.

ಕಂಟೇನರು ತಡೆಯುವ ಮಾತನ್ನು ಮ್ಯಾನೇಜರು ಕೇಳಲೇ ಇಲ್ಲ. ಸರಕು ಹೋಯಿತು, ಖಲಾಸ್ ಎಂದುಬಿಟ್ಟ. ಹಳ್ಳಿಗೆ ಇದ್ದದ್ದು ಮಾಮಾ ಸೌದಾಳ ಒಂದೇ ಮೊಬೈಲು. ಚಾರ್ಜು ಮಾಡಲು ಪೇಟೆಗೆ ಹೋಗಬೇಕು. ವಾರವಾದರೂ ಅದು ಹತ್ತಲಿಲ್ಲ. ಅಲ್ಲಿನ ಬಂದರಿನಲ್ಲಿ ಸರಕು ಬಿಡಿಸುವ ಏಜೆಂಟನಿಗೆ ಹೇಳಿದರೆ ನೋಡೋಣ ಎಂದ. ಕೂದಲಿಗಿಂತ ಸಣ್ಣ ಬಿರುಕು, ಪಳಗಿದ ಕಿವಿಗೇ ಕೇಳಬೇಕು ಎಂದ ತನಿಯ. ಅವನೇ ಹೋಗಬೇಕು. ಹೋಗಲು ದೇಶ ಬಿಡುವ ಪರ್ಮಿಟ್ ಬೇಕು, ಅದಕ್ಕೆ ಅವನ ವೀಸಾದ ಹೊಣೆ ಹೊತ್ತ ಯಜಮಾನ, ಕಫೀಲ್ ಅಬ್ದುಲ್ಲಾನ ಸಹಿ ಬೇಕು. ಉರ್ಸುಲಾ ಜೊತೆಗೆ ಹೋಗಿ, ತಪ್ಪು ತನ್ನದೆಂದು ತಾನೇ ಹೇಳಿದಳು. ಆ ಮುದುಕ ಕಣ್ಣುಮುಚ್ಚಿ ಪೂರ್ತಿ ಕೇಳಿದ. ಆಮೇಲೆ ಡ್ರಾಯರಿನಿಂದ ಪಾಸ್‌ಪೋರ್ಟ್ ತೆಗೆದು, ನಲವತ್ತು ದಿನ ರಜೆ ಬರೆದು, ಯಲ್ಲಾ, ಹೊರಡು ಎಂದಷ್ಟೇ ಹೇಳಿದ.

ಏರ್‌ಪೋರ್ಟಿನಲ್ಲಿ ಉರ್ಸುಲಾ ತನ್ನ ಬಿಳಿ ಜಪಸರವನ್ನು ಅವನ ಕೈಗಿಟ್ಟಳು.

"ಕೊಡ್ತಾ ಇಲ್ಲ. ಇದು ನನ್ನದು. ವಾಪಸ್ ತಂದುಕೊಡಬೇಕು."

"ನಾನು ಭೂತಕ್ಕೆ ಕೈಮುಗಿಯುವವ ಬಾಯಮ್ಮ. ನನಗೆ ಇದರ ಪ್ರಾರ್ಥನೆ ಬರುವುದಿಲ್ಲ."

"ಎಣಿಸ್ಲಿಕ್ಕೆ ಬರ್ತದಲ್ಲ, ಸಾಕು."

ಆಮೇಲಿನ ದಿನಗಳು ಉದ್ದವಾದವು. ಉರ್ಸುಲಾ ಪಾತ್ರೆ ತೊಳೆಯುವಾಗ, ಬಾಗಿಲು ಹಾಕುವಾಗ, ಪಾದ್ರಿಗಳ ಬಲಿಪೂಜೆಯಲ್ಲಿ ಗಂಟೆ ಬಾರಿಸಿದಾಗ ಕೂಡ ಆ ಗುಮ್ಮೆನ್ನುವ ಸದ್ದು ಎಲ್ಲಿಂದ ಬಂದೀತೆಂದು ಕಿವಿಗೊಡುತ್ತಿದ್ದಳು. ಹಡಗು ತಲುಪಿತು ಎಂದು ಏಜೆಂಟನ ಫ್ಯಾಕ್ಸ್ ಬಂತು. ಮೂರು ದಿನ ಏನೂ ಇಲ್ಲ. ನಾಲ್ಕನೆಯ ಮಧ್ಯಾಹ್ನ ಅವಳ ಫೋನು ಮೊಳಗಿತು.

"ಮಾತಾಡಬೇಡಿ. ಕೇಳಿ" ಎಂದ ತನಿಯ.

ಸಾವಿರಾರು ಮೈಲಿಯಾಚೆ ಉಳಿ ಕಲ್ಲಿಗೆ ತಾಗಿತು. ಗಂಟೆಯ ದನಿ. ಇನ್ನೊಂದು. ಮತ್ತೊಂದು. ಉರ್ಸುಲಾ ಮೇಜಿನ ಅಂಚು ಹಿಡಿದು ಎಣಿಸಿದಳು. ಹತ್ತು. ಹನ್ನೊಂದು. ಆಮೇಲೆ ಹೆಜ್ಜೆಯ ಸಪ್ಪಳ, ಮಕ್ಕಳ ಗದ್ದಲ, ಒಂದು ಹೆಂಗಸಿನ ಗದರಿಕೆ, ಮೌನ.

ಗುಮ್.

"ಕೇಳಿತಾ?"

"ಕೇಳಿತು."

ಅವನು ಉಸಿರು ಬಿಟ್ಟದ್ದೂ ಕೇಳಿತು. ಬಂದರಿನಲ್ಲಿ ಕಾಯುತ್ತಿದ್ದ ಅವನಿಗೆ ತಿಳಿಸದೆಯೇ ಏಜೆಂಟ ಸರಕನ್ನು ಲಾರಿಯಲ್ಲಿ ಹಳ್ಳಿಗೆ ಕಳಿಸಿಬಿಟ್ಟಿದ್ದ, ಅವನು ತಲುಪುವಷ್ಟರಲ್ಲಿ ಆ ಕಲ್ಲನ್ನು ಗಿರಣಿಗೆ ಕೂರಿಸಿ ಬೆಲ್ಟು ಹಾಕಿದ್ದರಂತೆ. ಎಂಜಿನ್ನಿಗೆ ಡೀಸೆಲ್ ಸುರಿದು, ಮೊದಲ ಹಿಟ್ಟು ನೋಡಲು ಶಾಲೆಯ ಮಕ್ಕಳನ್ನೆಲ್ಲ ಸುತ್ತ ಕೂರಿಸಿದ್ದರಂತೆ. ಈಗ ಮಾಮಾ ಸೌದಾ ತಾನೂ ಒಂದೊಂದಾಗಿ ತಟ್ಟಿ ನೋಡುತ್ತಿದ್ದಾಳೆ, ಕಿವಿ ಪಳಗುವವರೆಗೆ ತನ್ನನ್ನು ಬಿಡುವುದಿಲ್ಲವಂತೆ ಎಂದ. ಹದಿಮೂರನೆಯದನ್ನು ಕಳಿಸಲು ಹೇಳಿದ.

"ಮತ್ತೆ, ಶಿರ್ವದ ನಿಮ್ಮ ಅಮ್ಮನ ನಂಬರ್ ಕೊಡಿ" ಎಂದ.

"ಅಮ್ಮ ಸುಲಭಕ್ಕೆ ಒಪ್ಪುವವರಲ್ಲ."

"ತಟ್ಟಿ ನೋಡ್ತೇನೆ."

ಮೂವತ್ತೊಂಬತ್ತನೆಯ ದಿನ, ಮತ್ತೆ ಧೂಳೆದ್ದ ಒಂದು ಬೆಳಿಗ್ಗೆ, ಅವನು ಅವಳ ಮೇಜಿನ ಮುಂದೆ ಬಂದು ನಿಂತ. ಸೊರಗಿದ್ದ. ಜಪಸರವನ್ನು ಅವಳ ಅಂಗೈಯಲ್ಲಿ ಸುರುಳಿ ಮಾಡಿ ಇಟ್ಟ. ಉರ್ಸುಲಾ ಶಿಲುಬೆಯ ಕಡೆಯಿಂದ ಮಣಿಗಳನ್ನು ಸರಿಸಿದಳು. ಹನ್ನೊಂದು ಬಿಳಿ. ಹನ್ನೆರಡನೆಯದರ ಮೇಲೆ ಇದ್ದಿಲಿನ ಕರೆ.

ಅವಳು ಅದನ್ನು ಒರೆಸಲಿಲ್ಲ.